ಬೆಟ್ಟ ಅಗೆದಾದರೂ ಇಲಿ ಹಿಡಿಯಬೇಕು

ವ್ಯರ್ಥವಾದ ಶ್ರಮವನ್ನು ಗೇಲಿ ಮಾಡಬೇಕೆನಿಸಿದಾಗ ನಾವು ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎನ್ನುತ್ತೇವೆ. ಇಲಿ ಹಿಡಿಯುವುದು ಬೇರೆ ಕೆಲಸವಿಲ್ಲದವರ ಉದ್ಯೋಗವೆಂಬ ತಾತ್ಸಾರ ಆ ಗಾದೆಯಲ್ಲಿದೆ. ಕಳೆದ ನೂರಿಪ್ಪತ್ತೈದು ವರ್ಷಗಳ ವೈದ್ಯಕೀಯ ಚರಿತ್ರೆಯನ್ನು ಓದಿದವರು ಮಾತ್ರ ಹಾಗೆ ನಗಲಾರರು. ಇಲಿಯನ್ನು ಹಿಡಿದು, ಕೊಯ್ದು, ಪರೀಕ್ಷಿಸಿ ನೋಡಿದ ಕೆಲವು ಹಟಮಾರಿಗಳಿಂದಾಗಿ ಉಳಿದ ಮನುಷ್ಯ ಜೀವಗಳಿಗೆ ಲೆಕ್ಕವಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಹೊಲಗದ್ದೆಗಳ ಇಲಿ, ಹೆಗ್ಗಣಗಳನ್ನು ಹಿಡಿದು, ಅವುಗಳಲ್ಲಿ ಮನುಷ್ಯರಿಗೆ ಕಾಮಾಲೆ ತರಬಲ್ಲ ರೋಗಾಣುಗಳಿವೆಯೇ ಎಂದು ಕ್ರಮಬದ್ಧವಾಗಿ ಪರೀಕ್ಷಿಸಬೇಕು. ಇದು ನನ್ನ ಮೊದಲನೆಯ ಮಾತು. ಪರೀಕ್ಷೆಯ ಫಲ ಏನೇ ಬರಲಿ, ಇಲಿಯ ತಲೆಗೆ ತಪ್ಪು ಕಟ್ಟಿ ನಾವು ಕುಡಿಯುವ ನೀರಿನ ಹೊಣೆಯಿಂದ ಜಾರಿಕೊಳ್ಳಬಾರದು. ಇದು ಎರಡನೆಯದು. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಕೆಲವರಿಗೆ ತೋರಬಹುದು. ಅವು ಹಾಗಿಲ್ಲವೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಬಳಗಕ್ಕೂ ವಿವರಿಸುವ ಆಸೆಯಿಂದ ಈ ಲೇಖನ.

ನಮ್ಮ ಸೀಮೆಯಲ್ಲಿ ಕಾಮಾಲೆ ಹೊಸ ರೋಗವೇನೂ ಅಲ್ಲ. ಹಳ್ಳಿಯ ಬಾಯಲ್ಲಿ ಅದು ‘ಕಾಮಣಿ’. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಹಾಜರಿ ಪುಸ್ತಕದ ಪುಟಗಳೇ ಅದರ ಋತುವನ್ನು ಸೂಚಿಸುತ್ತಿದ್ದವು. ಮಳೆಗಾಲ ಬಲಿತ ಮೇಲೆ ಯಾವನೋ ಒಬ್ಬ ಹುಡುಗ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮರಳಿ ಬಂದಾಗ ಮುಖ ಬತ್ತಿ, ಮುಂಗೈಯ ಮೇಲೆ ಬರೆಯ ಗುರುತು ಇರುತ್ತಿತ್ತು. ಉಪ್ಪು, ಎಣ್ಣೆ ಬಿಡಿಸಿ ಪಥ್ಯ ಮಾಡಿಸಿದ್ದರು, ಸೊಪ್ಪಿನ ರಸ ಕುಡಿಸಿದ್ದರು, ಬರೆ ಹಾಕಿಸಿದ್ದರು, ಗುಣವಾಯಿತು ಎನ್ನುತ್ತಿದ್ದರು ಮನೆಯವರು. ಗುಣವಾದದ್ದು ನಿಜ. ಆದರೆ ಯಾವುದರಿಂದ? ನೀರಿನ ಮೂಲಕ ಬರುವ ಕಾಮಾಲೆಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ತಾನಾಗಿ ಇಳಿಯುವ ರೋಗಕ್ಕೆ ಕೊಟ್ಟ ಔಷಧವೆಲ್ಲವೂ ರಾಮಬಾಣವೇ. ನೆಲನೆಲ್ಲಿಯ ವಿಷಯದಲ್ಲಿಯೂ 1988ರಲ್ಲಿ ಮದರಾಸಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ವಾಹಕರ ಮೇಲೆ ನಡೆಸಿದ ಪ್ರಯೋಗವೊಂದು ಜಗತ್ತಿನ ಗಮನ ಸೆಳೆದಿತ್ತು. ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ದೃಢಪಡಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾಮಾಲೆ ಒಂದು ರೋಗದ ಹೆಸರಲ್ಲ, ಅದೊಂದು ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವರ್ಣದ್ರವ್ಯವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಯಕೃತ್ತು ಬಳಲಿದಾಗ ಆ ಬಣ್ಣ ರಕ್ತದಲ್ಲಿಯೇ ಉಳಿದು ಕಣ್ಣಿಗೂ ಚರ್ಮಕ್ಕೂ ಏರುತ್ತದೆ. ಯಕೃತ್ತು ಬಳಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಪಟೈಟಿಸ್ ವೈರಾಣುಗಳು ಪ್ರಮುಖವಾದವು. ಎ, ಬಿ, ಸಿ, ಡಿ, ಇ ಎಂದು ಅವುಗಳಿಗೆ ಹೆಸರಿಟ್ಟಿದ್ದಾರೆ. ಬಿ, ಸಿ, ಡಿ ಮುಖ್ಯವಾಗಿ ರಕ್ತದ ಮೂಲಕ ಹರಡುವಂಥವು. ಬಿ ಮತ್ತು ಡಿ ದೈಹಿಕ ಸಂಪರ್ಕದಿಂದಲೂ, ಬಿ ತಾಯಿಯಿಂದ ಮಗುವಿಗೂ ದಾಟುತ್ತವೆ. ಎ ಮತ್ತು ಇ ರೋಗಿಯ ಮಲದಿಂದ ಹೊರಬಿದ್ದು, ನೀರು ಆಹಾರಗಳ ಮೂಲಕ ಇನ್ನೊಬ್ಬನ ಬಾಯಿಗೆ ಸೇರುವಂಥವು. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಮಾತು ರೋಗಿಯ ಬಗ್ಗೆ ಹುಟ್ಟಿದ್ದು. ಕಣ್ಣು ಹಳದಿಯಾದವರೆಲ್ಲರಿಗೂ ಒಂದೇ ರೋಗವೆಂದು ತಿಳಿಯುವ ನಮಗೂ ಅದು ಸಲ್ಲುತ್ತದೆ.

ಇವುಗಳಲ್ಲಿ ಹೆಪಟೈಟಿಸ್ ಇ ವೈರಾಣುವಿನ ಕಥೆ ನಮ್ಮ ದೇಶದ್ದೇ. 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಯಮುನೆಯ ಪಾತ್ರ ಸರಿದು, ನಜಫ್‌ಗಢ ನಾಲೆಯ ಕೊಳಚೆ ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಜಾಗವನ್ನು ಸೇರಿತ್ತು. ಕ್ಲೋರಿನ್ ಹಾಕಿದ್ದರಿಂದ ಟೈಫಾಯ್ಡ್ ಹೆಚ್ಚಲಿಲ್ಲ. ಆದರೆ ವೈರಾಣು ಮಾತ್ರ ಬದುಕಿಕೊಂಡಿತು. ಬಹಳ ಕಾಲ ಎಲ್ಲರೂ ಅದನ್ನು ಹೆಪಟೈಟಿಸ್ ಎ ಎಂದೇ ತಿಳಿದಿದ್ದರು. ಜೋಪಾನವಾಗಿ ತೆಗೆದಿಟ್ಟಿದ್ದ ಆ ಕಾಲದ ರಕ್ತದ ಮಾದರಿಗಳನ್ನು ಮರುಪರೀಕ್ಷಿಸಿದಾಗ, ಅದು ಎ ಅಲ್ಲ, ಬಿ ಕೂಡ ಅಲ್ಲ, ಬೇರೊಂದು ವೈರಾಣು ಎಂಬುದು 1980ರಲ್ಲಿ ಪ್ರಕಟವಾಯಿತು. 1978ರಲ್ಲಿ ಕಾಶ್ಮೀರದಲ್ಲಿ ಹಬ್ಬಿದ ಕಾಮಾಲೆಯನ್ನು ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಇದೇ ನಿರ್ಣಯಕ್ಕೆ ಬಂದಿದ್ದರು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾವೇ ಸೇವಿಸಿ, ಕಾಮಾಲೆ ತಂದುಕೊಂಡು, 1983ರಲ್ಲಿ ಆ ವೈರಾಣುವಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಸಾಮಾನ್ಯರಲ್ಲಿ ಈ ರೋಗದಿಂದ ಸಾಯುವವರು ವಿರಳ. ಗರ್ಭಿಣಿಯರ ಸ್ಥಿತಿ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ಸೋಂಕು ತಗುಲಿದರೆ ನೂರಕ್ಕೆ 20ರಿಂದ 25 ಮಂದಿಯ ಪ್ರಾಣಕ್ಕೆ ಎರವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಣ್ಣುಮಕ್ಕಳ ತಂದೆತಾಯಿಯರು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಇನ್ನು ಇಲಿಯ ವಿಚಾರ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದ ಬೇರೆ ಬೇರೆ ಪ್ರಾಣಿಗಳ ರಕ್ತದಲ್ಲಿ ಹೆಪಟೈಟಿಸ್ ಇ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ಹುಡುಕಿ 2001ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹಂದಿಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ, ದನಗಳಲ್ಲಿ ಕೆಲವಕ್ಕೆ, ನಾಯಿಗಳಿಗೂ ಪ್ರತಿಕಾಯಗಳಿದ್ದವು. ಆಡುಗಳಲ್ಲಿ ಒಂದಕ್ಕೂ ಇರಲಿಲ್ಲ. ಇಲಿ ಮೊದಲಾದ ದಂಶಕಗಳಲ್ಲಿ ಶೇಕಡಾ 2ರಿಂದ 21ರವರೆಗೂ ಕಂಡುಬಂದಿತು. ಪ್ರತಿಕಾಯವೆಂದರೆ ಹಿಂದೊಮ್ಮೆ ಆ ವೈರಾಣುವನ್ನೋ ಅದರ ದಾಯಾದಿಯನ್ನೋ ಆ ಪ್ರಾಣಿಯ ದೇಹ ಎದುರಿಸಿತ್ತು ಎಂಬುದರ ಗುರುತು. ಕಳ್ಳ ಬಂದುಹೋದದ್ದಕ್ಕೆ ಹೆಜ್ಜೆಗುರುತು ಸಾಕ್ಷಿಯೇ ಹೊರತು ಕಳ್ಳ ಯಾರೆಂಬುದಕ್ಕಲ್ಲ.

ಆ ಹೆಜ್ಜೆಗುರುತಿನ ಒಡೆಯನೊಬ್ಬ 2010ರಲ್ಲಿ ಜರ್ಮನಿಯಲ್ಲಿ ಸಿಕ್ಕಿದ. ಹ್ಯಾಂಬರ್ಗ್ ನಗರದ ಇಲಿಗಳಲ್ಲಿ ಹೆಪಟೈಟಿಸ್ ಇ ವೈರಾಣುವಿಗೆ ದಾಯಾದಿಯಾದ, ಆದರೆ ಅದರಿಂದ ಬಹಳ ಭಿನ್ನವಾದ ವೈರಾಣುವನ್ನು ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಇದು ಇಲಿಗಳ ಸ್ವಂತದ್ದು, ಮನುಷ್ಯರಿಗೆ ತಗುಲಲಾರದು ಎಂದೇ ಬಹುಮಂದಿ ಭಾವಿಸಿದ್ದರು. 2018ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದವರು ಆ ಭಾವನೆಯನ್ನು ಮುರಿದರು. ಹಿಂದಿನ ವರ್ಷ ಯಕೃತ್ತಿನ ಕಸಿ ಮಾಡಿಸಿಕೊಂಡಿದ್ದ 56 ವರ್ಷದ ವ್ಯಕ್ತಿಯೊಬ್ಬರಲ್ಲಿ ಈ ಇಲಿ ವೈರಾಣುವೇ ಇತ್ತು. ಮುಂದೆ ಅಲ್ಲಿ ಇನ್ನೂ ಹಲವರಲ್ಲಿ, ಆಮೇಲೆ ಸ್ಪೇನಿನಲ್ಲಿಯೂ ಅದು ಕಂಡುಬಂದಿತು. ಇಲಿಯಿಂದ ಮನುಷ್ಯನಿಗೆ ಅದು ದಾಟಿದ ಹಾದಿ ಇನ್ನೂ ಖಚಿತವಾಗಿಲ್ಲ. ಹಿಕ್ಕೆ, ಮೂತ್ರ ಬಿದ್ದ ಆಹಾರ ನೀರುಗಳ ಮೇಲೆ ಅನುಮಾನವಿದೆ. ನಮಗೆ ಮುಖ್ಯವಾದದ್ದು ಬೇರೊಂದು ಸಂಗತಿ. ಆಸ್ಪತ್ರೆಗಳಲ್ಲಿ ವಾಡಿಕೆಯಲ್ಲಿದ್ದ ಹೆಪಟೈಟಿಸ್ ಇ ವಂಶವಾಹಿ ಪರೀಕ್ಷೆಗೆ ಈ ವೈರಾಣು ಸಿಕ್ಕಿರಲಿಲ್ಲ. ಅದಕ್ಕೆಂದೇ ರೂಪಿಸಿದ ಪರೀಕ್ಷೆ ಬೇಕಾಯಿತು. ಅಂದಮೇಲೆ ನಮ್ಮೂರಿನ ರೋಗಿಯೊಬ್ಬನ ರಕ್ತದಲ್ಲಿ ಎ, ಬಿ, ಸಿ, ಇ ಯಾವುದೂ ಇಲ್ಲವೆಂದು ಚೀಟಿ ಬಂದು, ‘ಯಾವುದೋ ವೈರಲ್ ಕಾಮಾಲೆ’ ಎಂದು ಅವನನ್ನು ಮನೆಗೆ ಕಳಿಸಿದಾಗ, ಆ ‘ಯಾವುದೋ’ ಎಂಬುದರಲ್ಲಿ ಏನೇನು ಅಡಗಿದೆ? ಹುಡುಕದಿದ್ದರೆ ಅದು ಎಂದೂ ಸಿಗದು.

ದಂಶಕಗಳಿಗೂ ಹೆಪಟೈಟಿಸ್ ವೈರಾಣುಗಳಿಗೂ ಇರುವ ನಂಟು ಇದೊಂದೇ ಅಲ್ಲ. ಅಮೆರಿಕದ ವುಡ್‌ಚಕ್ ಎಂಬ ದೊಡ್ಡ ದಂಶಕದಲ್ಲಿ ಹೆಪಟೈಟಿಸ್ ಬಿ ವೈರಾಣುವಿನ ಹತ್ತಿರದ ಬಂಧು 1978ರಲ್ಲಿ ಪತ್ತೆಯಾಗಿತ್ತು. ಹೆಪಟೈಟಿಸ್ ಸಿ ಬಂಧುಗಳು 2013ರ ಸುಮಾರಿಗೆ, ಹೆಪಟೈಟಿಸ್ ಎ ಬಂಧುಗಳು 2015ರಲ್ಲಿ ದಂಶಕಗಳಲ್ಲಿ ಕಂಡುಬಂದವು. ಇವುಗಳಿಂದ ಮನುಷ್ಯರಿಗೆ ರೋಗ ಬಂದದ್ದಕ್ಕೆ ಪುರಾವೆಯಿಲ್ಲ, ಆದ್ದರಿಂದ ಯಾರೂ ಹೆದರಬೇಕಾಗಿಲ್ಲ. ಆದರೆ ಇಂದು ಮನುಷ್ಯರಲ್ಲಿ ನೆಲೆಸಿರುವ ವೈರಾಣುಗಳ ಪೂರ್ವಜರು ಎಂದೋ ಸಣ್ಣ ಪ್ರಾಣಿಗಳ ಮನೆಯಲ್ಲಿದ್ದಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ವೈರಾಣುವಿಗೆ ಮನೆಮಾಡಿಕೊಟ್ಟು, ತಾನು ಹೆಚ್ಚು ನರಳದೆ ಅದನ್ನು ಸಾಕುವ ಪ್ರಾಣಿಯನ್ನು ವಿಜ್ಞಾನದಲ್ಲಿ ‘ಆತಿಥೇಯ’ ಎನ್ನುತ್ತಾರೆ. ಅತಿಥಿಯನ್ನು ಸತ್ಕರಿಸುವವನೆಂಬ ಒಳ್ಳೆಯ ಅರ್ಥದ ಪದ ಇಲ್ಲಿ ಎಂಥ ಅತಿಥಿಗೆ ಬಳಕೆಯಾಯಿತು ನೋಡಿ!

ಈ ಪ್ರಶ್ನೆಗೆ ನಮ್ಮ ಸೀಮೆ ಏಕೆ ಮುಖ್ಯ? 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯತೊಡಗಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಕರಿಮಣ್ಣಿನ ಎರೆಹೊಲಗಳಲ್ಲಿ ಬಹಳಷ್ಟು ಭತ್ತದ ಗದ್ದೆಗಳಾದವು. ಸಿರುಗುಪ್ಪ ಭತ್ತದ ಕಣಜವೆನಿಸಿತು. ಅಕ್ಕಿ ಗಿರಣಿಗಳು ಎದ್ದವು. ನೀರು, ಕಾಳು, ತೇವದ ಬದು ಈ ಮೂರೂ ಇರುವಲ್ಲಿ ಹೆಗ್ಗಣಕ್ಕೆ ಹಬ್ಬ. ಬದುವಿನೊಳಗೆ ಬಿಲ ತೋಡಿ, ಸೇರುಗಟ್ಟಲೆ ತೆನೆಗಳನ್ನು ಕಡಿದು ಸಂಗ್ರಹಿಸುವ ಜಾಣತನ ಅದಕ್ಕಿದೆ. ಗದ್ದೆಯಲ್ಲಿ ಚಿಟ್ಟಿಲಿ, ಒಣಹೊಲದಲ್ಲಿ ಬಯಲಿಲಿ, ಗಿರಣಿಯಲ್ಲಿಯೂ ಮನೆಯ ಅಟ್ಟದಲ್ಲಿಯೂ ಮನೆಯಿಲಿ. ಸೊಂಡಿಲಿ ಹೆಸರಿಗೆ ಇಲಿಯಾದರೂ ಜೀವಶಾಸ್ತ್ರದ ಪ್ರಕಾರ ದಂಶಕ ಕುಲಕ್ಕೆ ಸೇರಿದ್ದಲ್ಲ ಎಂದು ತರಗತಿಯಲ್ಲಿ ಹೇಳಿದ್ದು ಕೆಲವರಿಗಾದರೂ ನೆನಪಿರಬಹುದು. ಕೊಯ್ಲು ಮುಗಿದ ಮೇಲೆ ಬಡವರ ಮಕ್ಕಳು ಬದು ಅಗೆದು, ಇಲಿಬಿಲದ ಭತ್ತವನ್ನು ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದರು. ನಾಟಿ ಮಾಡುವ ಹೆಂಗಸರು ದಿನವಿಡೀ ಮೊಣಕಾಲುದ್ದದ ಕೆಸರಿನಲ್ಲಿ ನಿಲ್ಲುತ್ತಿದ್ದರು, ಈಗಲೂ ನಿಲ್ಲುತ್ತಾರೆ. ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು, ಅದನ್ನೇ ಕುಡಿಯುವ ಹಳ್ಳಿಗಳು ಎಷ್ಟೋ. ಇಲಿಯೂ ಮನುಷ್ಯನೂ ಒಂದೇ ನೀರು, ಒಂದೇ ಕಾಳು, ಒಂದೇ ಕೆಸರು ಹಂಚಿಕೊಂಡಿರುವ ನಾಡಿದು. ಇಲ್ಲಿ ಹುಡುಕದೆ ಇನ್ನೆಲ್ಲಿ ಹುಡುಕಬೇಕು?

ಇಲಿಯಿಂದ ಬರುವ ಒಂದು ಕಾಮಾಲೆಯಂತೂ ನಮಗೆ ಖಚಿತವಾಗಿ ಗೊತ್ತಿದೆ. ಅದು ‘ಇಲಿ ಜ್ವರ’, ಅಂದರೆ ಲೆಪ್ಟೊಸ್ಪೈರೋಸಿಸ್. ಇದರ ಕಾರಣ ವೈರಾಣುವಲ್ಲ, ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ಈ ರೋಗದ ತೀವ್ರ ಸ್ವರೂಪವನ್ನು 1886ರಲ್ಲಿ ವರ್ಣಿಸಿದರು. ಸುಮಾರು 1915ರಲ್ಲಿ ಜಪಾನಿನ ಇನಾಡ ಮತ್ತು ಸಂಗಡಿಗರು ಅದರ ರೋಗಾಣುವನ್ನು ಕಂಡುಹಿಡಿದರು. ಇಲಿಯ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರುವ ಈ ಜೀವಿ ಕಾಲಿನ ಸಣ್ಣ ಗಾಯದ ಮೂಲಕ ಮನುಷ್ಯನೊಳಗೆ ಇಳಿಯುತ್ತದೆ. ಜ್ವರ, ಮೀನಖಂಡಗಳಲ್ಲಿ ತೀವ್ರ ನೋವು, ಕೆಂಪಗಾದ ಕಣ್ಣು. ರೋಗ ಬಲಿತರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯಾಟಿಕ್ ಔಷಧಗಳಿಂದ ಗುಣವಾಗುವ ರೋಗವಿದು. ಗದ್ದೆಯಿಂದ ಬಂದ ಕೂಲಿಯವನ ಕಣ್ಣು ಹಳದಿಯಾಯಿತೆಂದು ಅವನಿಗೆ ಬರೆ ಹಾಕಿಸಿ, ರಸ ಕುಡಿಸಿ ಒಂದು ವಾರ ಕಳೆದರೆ, ಆ ಒಂದು ವಾರವೇ ಅವನ ಆಯುಷ್ಯವಾಗಬಹುದು. ತಾನಾಗಿ ಇಳಿಯುವ ಕಾಮಾಲೆಯೊಂದು, ಔಷಧವಿಲ್ಲದೆ ಇಳಿಯದ ಕಾಮಾಲೆ ಇನ್ನೊಂದು. ಎರಡರಲ್ಲಿಯೂ ಕಣ್ಣಿನ ಬಣ್ಣ ಒಂದೇ. ಇಲಿಯನ್ನು ಪರೀಕ್ಷಿಸಬೇಕೆಂಬ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಒಂದು ಹೆಗ್ಗಣವನ್ನು ಹಿಡಿದರೆ ಆ ಗದ್ದೆಯಲ್ಲಿ ಇಲಿ ಜ್ವರದ ರೋಗಾಣು ಇದೆಯೇ, ಇಲಿಯ ಹೆಪಟೈಟಿಸ್ ವೈರಾಣು ಇದೆಯೇ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಬಾರಿ ಉತ್ತರ ದೊರೆಯುತ್ತದೆ. ಹಳ್ಳಿಯ ವೈದ್ಯರಿಗೆ ಆ ಉತ್ತರ ಮೊದಲೇ ತಿಳಿದಿದ್ದರೆ ಯಾವ ರೋಗಿಯ ವಿಷಯದಲ್ಲಿ ಏನನ್ನು ಅನುಮಾನಿಸಬೇಕೆಂಬ ದಾರಿ ಕಾಣುತ್ತದೆ.

ಇಲಿಯ ಮಾತನ್ನು ಕೇಳುವ ಪದ್ಧತಿ ನಮ್ಮ ಹಿರಿಯರಲ್ಲಿಯೇ ಇತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಹಿಡಿದಿತ್ತು. ‘ಇಲಿ ಬಿತ್ತು’ ಎಂಬ ಸುದ್ದಿ ಬಂದೊಡನೆ ಹಳ್ಳಿಗಳವರು ಮನೆ ತೊರೆದು ಹೊರಗೆ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಅದೇ 1898ರಲ್ಲಿ ಕರಾಚಿಯಲ್ಲಿ ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು ತೋರಿಸಿದ ಫ್ರೆಂಚ್ ವೈದ್ಯ ಸಿಮೋನ್ ಅವರ ಮಾತನ್ನು ಮೊದಲು ಯಾರೂ ನಂಬಲಿಲ್ಲ. ನಮ್ಮ ರಾಜ್ಯದ್ದೇ ಇನ್ನೊಂದು ನಿದರ್ಶನ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಸತ್ತದ್ದು ಮಂಗ. ಆದರೆ ಪುಣೆಯ ವಿಜ್ಞಾನಿಗಳು ಅಲ್ಲಿಗೇ ನಿಲ್ಲದೆ ಉಣ್ಣೆಗಳನ್ನೂ ಕಾಡಿನ ಇಲಿ, ಸೊಂಡಿಲಿಗಳನ್ನೂ ಹಿಡಿದು ಪರೀಕ್ಷಿಸಿದ್ದರಿಂದ ರೋಗದ ಚಕ್ರ ಅರ್ಥವಾಯಿತು. ಪ್ಲೇಗಿನ ಇಲಿ ತಾನು ಸತ್ತು ಊರನ್ನು ಎಚ್ಚರಿಸುತ್ತಿತ್ತು. ಹೆಪಟೈಟಿಸ್ ವೈರಾಣುವನ್ನೋ ಲೆಪ್ಟೊಸ್ಪೈರಾವನ್ನೋ ಹೊತ್ತ ಇಲಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ಅದು ತಾನಾಗಿ ಏನನ್ನೂ ಹೇಳದು, ನಾವೇ ಕೇಳಬೇಕು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ‘ಕುಡಿಯುವ ನೀರೇ ನೆಟ್ಟಗಿಲ್ಲದ ಊರಿನಲ್ಲಿ ಇಲಿ ಸಂಶೋಧನೆಯೇಕೆ?’ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಯಲ್ಲಿ ಸತ್ಯವಿದೆ. ನಮ್ಮ ದೇಶದಲ್ಲಿ ಮನುಷ್ಯರಿಗೆ ಬರುವ ಹೆಪಟೈಟಿಸ್ ಇ ವೈರಾಣುವಿನ ವಂಶ ಒಂದನೆಯದು, ಹಂದಿಗಳಲ್ಲಿ ಕಂಡುಬಂದದ್ದು ನಾಲ್ಕನೆಯದು. ಆ ಒಂದನೆಯ ವಂಶ ಹರಡುವುದು ಮನುಷ್ಯನ ಮಲದಿಂದ, ನೀರಿನ ಮೂಲಕ, ಮನುಷ್ಯನಿಗೆ. ಅದರಲ್ಲಿ ಇಲಿಯ ಪಾತ್ರವಿಲ್ಲ. ಚರಂಡಿಯೊಳಗೇ ಹಾದುಹೋದ ನಲ್ಲಿಯ ಕೊಳವೆ, ಮೂರು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನೀರು ಬಿಡುವಾಗ ಖಾಲಿ ಕೊಳವೆ ಬಿರುಕಿನಿಂದ ಎಳೆದುಕೊಳ್ಳುವ ಕೊಳಚೆ, ವರ್ಷಗಟ್ಟಲೆ ತೊಳೆಯದ ಮೇಲಿನ ತೊಟ್ಟಿ, ಇವೇ ಅಪರಾಧಿಗಳು. 2022ರಲ್ಲಿ ನೆರೆಯ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆತಿಲ್ಲ. ಅದು ಕಾಮಾಲೆಯಿಂದಲ್ಲದಿದ್ದರೂ ದಾರಿ ಅದೇ. ಹೆಪಟೈಟಿಸ್ ಇ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೆಟ್ಟ ನೀರು ಕುಡಿದ ಮೇಲೆ ಕಣ್ಣು ಹಳದಿಯಾಗಲು ಎರಡರಿಂದ ಹತ್ತು ವಾರ ಬೇಕು. ಅಷ್ಟರಲ್ಲಿ ಒಡೆದ ಕೊಳವೆಗೆ ತೇಪೆ ಬಿದ್ದಿರುತ್ತದೆ, ಅಪರಾಧವೂ ಮುಚ್ಚಿಹೋಗಿರುತ್ತದೆ.

ನನ್ನ ಆತಂಕ ಇಷ್ಟೇ. ನಾಳೆ ನಮ್ಮ ಗದ್ದೆಯ ಹೆಗ್ಗಣದಲ್ಲಿ ಒಂದು ವೈರಾಣು ಸಿಕ್ಕಿತೆಂದಿಟ್ಟುಕೊಳ್ಳಿ. ‘ಕಾಮಾಲೆ ಬರುವುದು ಇಲಿಯಿಂದ’ ಎಂಬ ತಲೆಬರಹ ಹಾರಾಡುತ್ತದೆ. ನೀರಿನ ಹೊಣೆ ಹೊತ್ತವರು ನೆಮ್ಮದಿಯ ಉಸಿರು ಬಿಡುತ್ತಾರೆ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣವನ್ನು ತೋರಿಸುವವರ ಕಥೆ ನಮಗೆ ಗೊತ್ತೇ ಇದೆ. ಇದಕ್ಕೆ ಪರಿಹಾರ ಸಂಶೋಧನೆಯನ್ನು ತಡೆಯುವುದಲ್ಲ, ಪೂರ್ಣ ಮಾಡುವುದು. ಒಂದೇ ಊರಿನ ಇಲಿ, ನೀರು, ರೋಗಿ ಮೂವರನ್ನೂ ಒಟ್ಟಿಗೆ ಪರೀಕ್ಷಿಸಿದರೆ ಯಾರ ಪಾಲು ಎಷ್ಟೆಂಬುದು ತಿಳಿಯುತ್ತದೆ. ಇಲಿಯ ಮೇಲೆ ಆರೋಪ ಸುಳ್ಳಾದರೆ ಅದೂ ಪುರಾವೆಯೊಡನೆ ಸುಳ್ಳಾಗಲಿ.

ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟುಕೊಳ್ಳುವ ಅವಸರವೂ ಬೇಡ. ವೈರಾಣುವಿನ ಹೆಸರು ಕೇಳಿದೊಡನೆ ಪಾಷಾಣದ ಟ್ಯೂಬು ತರುವವರು ಒಂದು ವಿಷಯ ತಿಳಿದಿರಲಿ. ಅಂಗಡಿಗಳಲ್ಲಿ ಮಾರಾಟವಾಗುತ್ತ ಬಂದಿರುವ ಹಳದಿ ರಂಜಕದ ಇಲಿ ಪಾಷಾಣ ಮನುಷ್ಯನ ಹೊಟ್ಟೆಗೆ ಸೇರಿದರೆ ಮೊದಲು ಹಾಳುಮಾಡುವುದು ಯಕೃತ್ತನ್ನೇ. ಯಕೃತ್ತನ್ನು ಕಾಪಾಡಲು ಹೋಗಿ ಮಕ್ಕಳ ಕೈಗೆಟಕುವಲ್ಲಿ ಅದನ್ನೇ ಇಡುವುದು ಎಂಥ ವಿಪರ್ಯಾಸ! ಬದುಗಳನ್ನು ಸಣ್ಣದಾಗಿ, ಕಳೆಯಿಲ್ಲದಂತೆ ಇಡುವುದು, ಕಣಜದ ಸಂದುಗಳನ್ನು ಮುಚ್ಚುವುದು, ಊರ ಕಸವನ್ನು ಅಂದಂದೇ ಸಾಗಿಸುವುದು, ಗೂಬೆ ಮತ್ತು ಕೇರೆಹಾವುಗಳನ್ನು ಕೊಲ್ಲದಿರುವುದು ನಿಧಾನವಾದರೂ ನಿಲ್ಲುವ ಉಪಾಯಗಳು.

ಈ ಕೆಲಸಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ನಾವೆಲ್ಲ ವಿಮ್ಸ್ ಎಂದು ಕರೆಯುತ್ತಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ ರೋಗಿಗಳು ಬರುತ್ತಾರೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಗದ್ದೆಯ ಇಲಿಗಳ ಸ್ವಭಾವ ಅಲ್ಲಿನವರಿಗೆ ಪರಿಚಿತ. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ರಾಷ್ಟ್ರೀಯ ಸಂಸ್ಥೆಯೊಂದು ಲೆಪ್ಟೊಸ್ಪೈರೋಸಿಸ್ ಬಗ್ಗೆ ಕೆಲಸ ಮಾಡುತ್ತಿದೆ. ವೈರಾಣು ಪರೀಕ್ಷೆಗೆ ಪುಣೆಯ ಸಂಸ್ಥೆಯಿದೆ. ಮನುಷ್ಯರ ವೈದ್ಯರು, ಪಶುವೈದ್ಯರು, ಕೃಷಿ ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕೂರುವುದೊಂದು ಬಾಕಿ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಜನಸಾಗರ ಸೇರುವ ಸಂದರ್ಭಕ್ಕೆ ಮುನ್ನ ನೀರಿನ ಪರೀಕ್ಷೆ, ಕೊಯ್ಲಿನ ಕಾಲದಲ್ಲಿ ಇಲಿಗಳ ಪರೀಕ್ಷೆ ಎಂದು ವರ್ಷಕ್ಕೊಂದು ಕ್ರಮ ಹಾಕಿಕೊಂಡರೂ ಆರಂಭಕ್ಕೆ ಸಾಕು.

ಕೊನೆಯದಾಗಿ, ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮಾತು. ವೈದ್ಯರಾಗಿರುವವರೇ, ಹಳದಿ ಕಣ್ಣಿನ ರೋಗಿ ಬಂದಾಗ ‘ಗದ್ದೆಗೆ ಇಳಿದಿದ್ದಿರಾ? ಕಾಲಿಗೆ ಗಾಯವಾಗಿತ್ತೇ?’ ಎಂಬ ಎರಡು ಪ್ರಶ್ನೆಗಳನ್ನು ಮರೆಯದಿರಿ. ಪಂಚಾಯಿತಿ, ನಗರಸಭೆಗಳಲ್ಲಿರುವವರೇ, ಚರಂಡಿಯೊಳಗಿನ ಕೊಳವೆಯನ್ನು ಮಳೆಗಾಲಕ್ಕೆ ಮುಂಚೆ ಮೇಲೆತ್ತಿಸಿ. ಹೊಲ ಮಾಡಿಸುವವರೇ, ನಾಟಿಗೆ ಇಳಿಯುವ ಕೂಲಿಯವರಿಗೆ ರಬ್ಬರ್ ಬೂಟು ಕೊಡಿಸಿ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟದೆ ಯಾರನ್ನೂ ಕೆಸರಿಗೆ ಇಳಿಸಬೇಡಿ. ಮನೆಯಲ್ಲಿ ಬಸುರಿ ಹೆಣ್ಣುಮಗಳಿರುವ ಬಂಧುಗಳೇ, ಅವಳಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ, ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ, ಬರೆ ಹಾಕುವವರ ಮನೆಗಲ್ಲ. ಮತ್ತು ಯಾವನಾದರೂ ಯುವ ಸಂಶೋಧಕ ಬೋನು, ಕೈಗವಸು ಹಿಡಿದು ನಿಮ್ಮ ಗದ್ದೆಯ ಬದುವಿನ ಮೇಲೆ ಬಂದು ನಿಂತರೆ ಗಾದೆ ಹೇಳಿ ನಗಬೇಡಿ. ಬಿಲ ಎಲ್ಲಿದೆಯೆಂದು ತೋರಿಸಿಕೊಡಿ.